ಟವರ್ ಜೊತೆ ಮಾತಾಡ್ಲಿಕ್ಕೆ ನಂಗೆ ಕಲಿಸಿದ್ದು ಮಲ್ಪೆಯ ತಾಂಡೇಲ

ವಿಮಾನ ಹಾರಿಸುದು ನಂಗೆ ಯಾವತ್ತೂ ಕಷ್ಟ ಅನ್ನಿಸ್ಲಿಲ್ಲ ಮಾರಾಯ್ರೆ, ಲ್ಯಾಂಡಿಂಗ್ ಅಂತೂ ಬ್ಯಾಚಲ್ಲಿ ನಂದೇ ಚಂದ ಅಂತ ಇನ್‌ಸ್ಟ್ರಕ್ಟರೇ ಹೇಳಿದ್ದುಂಟು. ಕಷ್ಟ ಆದದ್ದು ಆ ಪಿಟಿಟಿ ಬಟನ್, ಅಂದ್ರೆ ರೇಡಿಯೋದಲ್ಲಿ ಮಾತಾಡ್ಲಿಕ್ಕೆ ಒತ್ತುವ ಬಟನ್. ರೇಡಿಯೋ ಪರೀಕ್ಷೆ ಆರ್‌ಟಿಆರ್ ಪಾಸು, ಖಾಸಗಿ ಪೈಲಟ್ ಲೈಸೆನ್ಸ್ ಪಿಪಿಎಲ್ ಕಿಸೆಯಲ್ಲಿ, ಆದ್ರೂ ದೊಡ್ಡ ಏರ್‌ಪೋರ್ಟ್ ಹತ್ರ ಹೋಗಿ ಟವರ್‌ನವರು (ಏರ್‌ಪೋರ್ಟಿನ ಕಂಟ್ರೋಲರು) ನನ್ನ ಕಾಲ್‌ಸೈನ್, ಅಂದ್ರೆ ವಿಮಾನದ ಕರೆಹೆಸರು, ಹೇಳಿದ ಕೂಡ್ಲೇ ಬಾಯಿ ಒಣಗಿ ತಲೆ ಖಾಲಿ.

ನಾನಿರುದು ಉಡುಪಿ, ಹಾರುದು ಘಟ್ಟದ ಮೇಲೆ, ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸು ಹತ್ತಿ ಹೋಗಿ. ಮೊದಲ ಸಲ ಒಬ್ಬನೇ ಏರ್‌ಲೈನ್ ಟ್ರಾಫಿಕ್ ಇರುವ ಕಡೆಗೆ ಹೋದಾಗ (ಊರಿನ ಹೆಸರು ಬೇಡ) ಫ್ಲೈಟ್ ಪ್ಲಾನು, ಎಫ್‌ಐಸಿ ನಂಬರು, ಎಡಿಸಿ ನಂಬರು (ಹಾರುವ ಮೊದಲು ತಗೊಳ್ಳುವ ಅನುಮತಿ ನಂಬರುಗಳು) ಎಲ್ಲ ಸರಿ ಇತ್ತು. ಸರಿ ಇಲ್ಲದ್ದು ನಾನು. ಟವರ್‌ನವರು ಕ್ಯೂಎನ್‌ಎಚ್ (ಗಾಳಿಯ ಒತ್ತಡದ ಲೆಕ್ಕ), ರನ್‌ವೇ, ಲೆಫ್ಟ್ ಬೇಸ್ (ಇಳಿಯುವ ಮೊದಲಿನ ಎಡ ತಿರುವಿನ ದಾರಿ) ಅಂತ ಒಂದೇ ಉಸಿರಲ್ಲಿ ಹೇಳಿದ್ರು, ನಾನು "ರೋಜರ್", ಅಂದ್ರೆ ಕೇಳಿತು, ಅಂದೆ. ರೀಡ್‌ಬ್ಯಾಕ್ ಕೊಡಿ, ಅಂದ್ರೆ ಹೇಳಿದ್ದನ್ನೇ ವಾಪಸ್ ಹೇಳಿ, ಅಂದ್ರು, ಮತ್ತೂ ರೋಜರ್. ಮೂರನೇ ಸಲಕ್ಕೆ ರನ್‌ವೇ ನಂಬರೇ ತಪ್ಪು ಹೇಳಿದೆ. ಅವರು ಇನ್ನೇನು ಮಾಡ್ತಾರೆ ಪಾಪ, ಇದ್ದಲ್ಲೇ ಆರ್ಬಿಟ್ ಮಾಡು, ಅಂದ್ರೆ ಸುತ್ತು ಹೊಡಿ, ಅಂದ್ರು. ನಮ್ಮ ಸೆಸ್ನಾ 172 ವಿಮಾನಕ್ಕೆ ಆಗ ಗಂಟೆಗೆ ಹದಿನಾಲ್ಕು ಸಾವಿರ ಚಿಲ್ಲರೆ, ರೇಟ್ ಒನ್ ಅನ್ನುವ ಮಾಮೂಲಿ ತಿರುವಿನಲ್ಲಿ ಒಂದು ಸುತ್ತಿಗೆ ಎರಡು ನಿಮಿಷ, ಅಂದ್ರೆ ಸುತ್ತಿಗೆ ನಾನೂರ ಅರವತ್ತು ರೂಪಾಯಿ, ಹತ್ತಿರ ಹತ್ತಿರ ಅರ್ಧ ಕೆಜಿ ಅಂಜಲ್ ಮೀನು. ಆರೋ ಏಳೋ ಸುತ್ತು ಹೊಡೆದೆ. ಆ ಸಿಟ್ಟಲ್ಲಿ ಬಟನ್ ಒತ್ತಿ ಹಿಡ್ಕೊಂಡದ್ದೇ ಗೊತ್ತಾಗ್ಲಿಲ್ಲ, ತುಳುವಿನಲ್ಲಿ ನನಗೆ ನಾನೇ ಬೈದುಕೊಂಡದ್ದು ಫ್ರೀಕ್ವೆನ್ಸಿಯಲ್ಲಿದ್ದವರಿಗೆಲ್ಲ ಕೇಳಿದೆ. ಕೊನೆಗೆ ಮರ್ಯಾದೆ ಬಿಟ್ಟು ಇಳಿಯದೆ ವಾಪಸ್ ಬಂದೆ. ಒಟ್ಟು ಮೂವತ್ತು ಸಾವಿರದ ಹತ್ರ ನೀರಲ್ಲಿ ಹೋಮ.

ಆಮೇಲೆ ಮಾಡದ ಸರ್ಕಸ್ ಇಲ್ಲ. ಹೆಡ್‌ಸೆಟ್ಟಿನದ್ದೇ ತಪ್ಪು ಅಂತ ಮೂವತ್ತೆಂಟು ಸಾವಿರದ್ದು ತಗೊಂಡೆ, ತಪ್ಪೆಲ್ಲ ಇನ್ನೂ ಕ್ಲಿಯರಾಗಿ ಕೇಳ್ಲಿಕ್ಕೆ ಶುರುವಾಯ್ತು. ಆನ್‌ಲೈನ್ ಕೋಚಿಂಗಿಗೆ ಒಂಬತ್ತು ಸಾವಿರ. ಅಮೆರಿಕದ ರೆಕಾರ್ಡಿಂಗ್ ಕೇಳಿ ಕೇಳಿ ಇನ್ನೊಂದು ರೋಗ ಅಂಟಿತು, "ಡೆಸಿಮಲ್" ಅನ್ನುವಲ್ಲಿ "ಪಾಯಿಂಟ್" ಅಂತ ಬರುದು, ಅವರದ್ದು ಪ್ರೆಶರ್ ಸಹ ಇಂಚಿನ ಲೆಕ್ಕ, ನಮ್ಮ ಹೆಕ್ಟೋಪಾಸ್ಕಲ್‌ಗೆ ಅದು ಯಾವ ಉಪಕಾರಕ್ಕೂ ಇಲ್ಲ. ಬಜ್ಪೆ ಏರ್‌ಪೋರ್ಟ್ ಹತ್ರ ಗುಡ್ಡದಲ್ಲಿ ನಿಂತು ಇಳಿಯುವ ಪ್ರತಿ ವಿಮಾನಕ್ಕೂ ನಾನೇ ಫೈನಲ್ ಕಾಲ್ (ಇಳಿಯಲಿಕ್ಕೆ ರನ್‌ವೇಗೆ ನೇರ ಬಂದೆ ಅಂತ ಹೇಳುದು) ಹೇಳಿಕೊಂಡದ್ದೂ ಉಂಟು. ಅಲ್ಲಿದ್ದ ಒಬ್ಬರು "ಎಂತ ಸಾರ್, ಯಾರ ಹತ್ರ ಮಾತಾಡುದು" ಅಂತ ಕೇಳಿದ ಮೇಲೆ ಬಿಟ್ಟೆ.

ನಮ್ಮ ಪಕ್ಕದ ಮನೆಯವರು ಮಲ್ಪೆಯಲ್ಲಿ ಮೀನು ಹಿಡಿಯುವ ಟ್ರಾಲ್ ಬೋಟಿನ ತಾಂಡೇಲ, ಅಂದ್ರೆ ಬೋಟು ನಡೆಸುವವರು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ರಜೆ, 61 ದಿನ ಮನುಷ್ಯ ಜಗಲಿಯಲ್ಲೇ. ಬೋಟಿನಲ್ಲಿ ವಿಎಚ್‌ಎಫ್ ರೇಡಿಯೋ ಹಿಡಿದು ಇಪ್ಪತ್ತು ವರ್ಷ ಆಗಿದೆ. ನನ್ನ ಕಥೆ ಕೇಳಿ ಹೇಳಿದ್ದು ಇಷ್ಟೇ: "ಹದಿನಾರನೇ ಚಾನಲಲ್ಲಿ ನೂರು ಬೋಟಿನವರು ಇರ್ತಾರೆ, ಮೊದ್ಲು ಕೇಳ್ಬೇಕು, ನೀವು ಬಾಯಿ ಬಿಡುವ ಮೊದ್ಲು ಕಿವಿ ತೆರೆಯುದಿಲ್ಲ." ಕ್ಲಬ್ಬಿನವರಿಗೆ ಹೇಳಿದ್ರೆ ಬಿದ್ದು ಬಿದ್ದು ನಗಾಡಿದ್ರು, ಮೀನಿನವರ ಹತ್ರ ರೇಡಿಯೋ ಮಾತು ಕಲಿಯುದಾ ಅಂತ.

ಆದ್ರೂ ಅವರ ಹತ್ರವೇ ಕಲಿಯುದು ಅಂತ ಅರವತ್ತು ಚೀಟಿಯಲ್ಲಿ ಟವರ್ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಕೊಟ್ಟೆ. ಅವರು ಜಗಲಿಯಲ್ಲಿ ಕೂತು ಫೋನ್ ಮಾಡಿ, ಬೇಕಾದ ಚೀಟಿ ಎತ್ತಿ ಓದುದು, ನಾನು ನಮ್ಮ ಅಡುಗೆಮನೆಯಲ್ಲಿ ಹೆರೆಮಣೆ ಮೇಲೆ ಕೂತು ಕಾಯಿ ಹೆರೆಯುತ್ತ ರೀಡ್‌ಬ್ಯಾಕ್ ಕೊಡುದು. ಕೈಗೆ ಕೆಲಸ, ಕಣ್ಣಿಗೆ ಕೆಲಸ, ಕಿವಿ ಮಾತ್ರ ಅಲ್ಲಿ. ಶೀಟಿನ ಮಾಡಿನ ಮೇಲೆ ಆಷಾಢದ ಮಳೆ, ಅದಕ್ಕಿಂತ ಒಳ್ಳೆ ಸ್ಟ್ಯಾಟಿಕ್ ಯಾವ ಸಿಮ್ಯುಲೇಟರಲ್ಲೂ ಸಿಗ್ಲಿಕ್ಕಿಲ್ಲ. ಮಿಕ್ಸಿ ಹಾಕಿಯೂ ನೋಡಿದೆ, ಅದು ಅತಿಯಾಯ್ತು. ಎರಡು ಸಲ ಬೆರಳು ಹೆರೆಯಿತು. ಹೆರೆದ ಕಾಯಿ ಮುಗಿಸ್ಲಿಕ್ಕೆ ಮನೆಯಲ್ಲಿ ದಿನಾ ಗಸಿಯೇ.

ತಾಂಡೇಲರಿಗೆ ಇಂಗ್ಲಿಷ್ ಬರುದಿಲ್ಲ, "ಎಕ್ಸ್‌ಟೆಂಡ್ ಡೌನ್‌ವಿಂಡ್" (ರನ್‌ವೇ ಪಕ್ಕದ ದಾರಿಯಲ್ಲೇ ಇನ್ನೂ ಮುಂದೆ ಹೋಗು) ಅನ್ನುದು ಅವರ ತುಳು ರಾಗದಲ್ಲಿ ಬರುವಾಗ ಮೊದಲ ವಾರ ಅರ್ಧವೂ ತಿಳಿಯುತ್ತಿರಲಿಲ್ಲ. ಲಾಭ ಆದದ್ದೇ ಅದರಿಂದ. ಅವರದ್ದು ಅರ್ಥ ಆದ ಮೇಲೆ ತಮಿಳು ರಾಗ, ಬಂಗಾಳಿ ರಾಗ ಎಲ್ಲ ನೀರು ಕುಡಿದ ಹಾಗೆ. ತೊಡೆ ಮೇಲೆ ಕಟ್ಟುವ ನೀಬೋರ್ಡಲ್ಲಿ ಲೆಫ್ಟ್ ರೈಟ್ ಬದಲು ಎ, ಬ ಅಂತ ಬರೆಯುದು (ಎಡ, ಬಲ) ಆಗ ಶುರು ಮಾಡಿದ್ದು, ಆಮೇಲೆ ಒಮ್ಮೆಯೂ ಬೇಸ್ ತಪ್ಪಲಿಲ್ಲ.

ಇನ್ನೊಂದು ಅವರದ್ದೇ. ಗಾಳಿ ಎದ್ದಾಗ ಬೋಟಿನ ಸಾಹುಕಾರ ಇನ್ನೂ ಮುಂದೆ ಹೋಗು ಅಂದ್ರೆ ಎಂತ ಮಾಡ್ತೀರಿ ಅಂತ ಕೇಳಿದ್ದೆ. "ಆಗುದಿಲ್ಲ ಅಂತೇನೆ. ಬೋಟಿನಲ್ಲಿ ಇರುದು ನಾನಲ್ವಾ." ಪುಸ್ತಕದಲ್ಲಿ "ಅನೇಬಲ್" (ಆಗುದಿಲ್ಲ) ಅಂತ ಹತ್ತು ಸಲ ಓದಿದ್ದೆ, ಹೇಳಬಹುದು ಅಂತ ಧೈರ್ಯ ಬಂದದ್ದು ಅವತ್ತು.

ಡಿಸೆಂಬರಲ್ಲಿ ಅದೇ ಏರ್‌ಪೋರ್ಟಿಗೆ ಹೋದೆ. ಡೌನ್‌ವಿಂಡಲ್ಲಿ ಇರುವಾಗ ಟವರ್: ಎಕ್ಸ್‌ಟೆಂಡ್ ಮಾಡು, ನೀನು ನಂಬರ್ ಟು, ಫೈನಲಲ್ಲಿ ದೊಡ್ಡ ವಿಮಾನ ಎ320, ಕಂಡ್ರೆ ರಿಪೋರ್ಟ್ ಮಾಡು, ವೇಕ್ ಟರ್ಬ್ಯುಲೆನ್ಸ್ (ಅದರ ಹಿಂದಿನ ಗಾಳಿಯ ಸುಳಿ) ಜಾಗ್ರತೆ. ಎಲ್ಲ ಒಂದೇ ಉಸಿರು. ನಾನೂ ಒಂದೇ ಉಸಿರಲ್ಲಿ ವಾಪಸ್ ಕೊಟ್ಟೆ, ಕೊನೆಗೆ ಕಾಲ್‌ಸೈನ್ ಸಮೇತ. ಸ್ವಲ್ಪ ಹೊತ್ತಿಗೆ ರೈಟ್ ಆರ್ಬಿಟ್ ಅಂದ್ರು, ಬಲಕ್ಕೆ ಮೋಡ ಇತ್ತು, "ಅನೇಬಲ್, ಡ್ಯೂ ವೆದರ್" ಅಂದೆ. ಎದೆ ಡಬಡಬ. ಅವರು ಎಂತದ್ದೂ ಆಗದ ಹಾಗೆ, ಹಾಗಾದ್ರೆ ಕಂಟಿನ್ಯೂ ಡೌನ್‌ವಿಂಡ್ ಅಂದ್ರು. ಅಷ್ಟೇ! ಇದಕ್ಕೆ ನಾನು ಎರಡು ವರ್ಷ ಹೆದರಿದ್ದು.

ಇಳಿದ ಕೂಡ್ಲೇ ತಾಂಡೇಲರಿಗೆ ಫೋನ್ ಮಾಡಿದ್ರೆ ಕಡಲಲ್ಲಿದ್ರು, ನೆಟ್‌ವರ್ಕ್ ಇಲ್ಲ. ವಾರ ಕಳೆದು ಬೋಟು ಕಟ್ಟುವ ದಕ್ಕೆಯಲ್ಲಿ ಸಿಕ್ಕಿದ್ರು, ಐಸು ಇಳಿಸ್ತಾ ಇದ್ರು. ಕೇಳಿದ್ದು ಒಂದೇ: "ಎಷ್ಟು ಸುತ್ತು ಹೊಡೆಸಿದ್ರು?"

"ಒಂದೂ ಇಲ್ಲ."

"ಹಾಗಾದ್ರೆ ಬರುವ ಜೂನಲ್ಲಿ ಫೀಸು ಉಂಟು" ಅಂತ ಹೇಳಿ ಬುಟ್ಟಿಯಿಂದ ಎರಡು ಬಂಗುಡೆ ಎತ್ತಿ ಕೊಟ್ರು.