ಊಟ ಬದಲಾಯಿತು ಸರಿ, ಶುಗರ್ ಇಳಿದದ್ದು ಅದರಿಂದಲೇನಾ?

ಸಕ್ಕರೆ ಕಾಯಿಲೆ ಇರುವವರ ಮನೆಗೆ ತರಕಾರಿ, ಕಾಳು, ಹಿತಮಿತದ ಊಟ ತಲುಪಿಸುವ ಕಾರ್ಯಕ್ರಮ ನಡೆಸುತ್ತಿದ್ದೀರಿ ಅಂದುಕೊಳ್ಳಿ. ‘ಇದರಿಂದ ಉಪಯೋಗ ಆಯಿತಾ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಊಟ ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು ಅನ್ನುವುದು ಉತ್ತರವಾಗುವುದಿಲ್ಲ. ನಿಜವಾದ ಉತ್ತರ ಬೇಕೆಂದರೆ ಮೊದಲ ಡಬ್ಬಿ ಹೊರಡುವ ಮುಂಚೆಯೇ ತಯಾರಿ ಆಗಬೇಕು.

ಮೊದಲ ಹೆಜ್ಜೆ: ಸರಿಯಾದ ಪರೀಕ್ಷೆ

ಬೆರಳು ಚುಚ್ಚಿ ನೋಡುವ ಶುಗರ್ ಆ ಗಳಿಗೆಯದ್ದು. ನಮಗೆ ಬೇಕಾದದ್ದು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ, ಇದರ ಫಲಿತಾಂಶ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಶುರುವಿನಲ್ಲಿ ಒಮ್ಮೆ, ಮೂರನೇ ತಿಂಗಳು ಒಮ್ಮೆ, ಆರನೇ ತಿಂಗಳು ಒಮ್ಮೆ ಮಾಡಿಸಿ. ಮೂರೇ ವಾರಕ್ಕೆ ಮಾಡಿಸಿ ನಿರಾಶೆಪಡಬೇಡಿ. ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು.

ಎರಡನೆಯದು: ಹೋಲಿಸಲು ಇನ್ನೊಂದು ಗುಂಪು

ಇದೇ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಇಂಥ ಕಾರ್ಯಕ್ರಮಕ್ಕೆ ನಾವು ಸೇರಿಸಿಕೊಳ್ಳುವುದು ಶುಗರ್ ತೀರಾ ಏರಿದವರನ್ನು. ಅಷ್ಟು ಏರಿದಾಗ ಯಾರೂ ಸುಮ್ನೆ ಕೂರುವುದಿಲ್ಲ. ಡಾಕ್ಟರ್ ಮಾತ್ರೆ ಬದಲಿಸುತ್ತಾರೆ, ಮನೆಯವರು ಕಣ್ಣಿಡುತ್ತಾರೆ. ನಮ್ಮ ಊಟ ಇಲ್ಲದಿದ್ದರೂ ಸ್ವಲ್ಪ ಇಳಿಯುತ್ತಿತ್ತು, ಅಲ್ವಾ?

ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಮನೆಮಂದಿಗೆಲ್ಲ ವಾರಕ್ಕೆ 10 ಊಟಕ್ಕೆ ಆಗುವಷ್ಟು ಆಹಾರ ಕೊಟ್ಟರು. ಆರು ತಿಂಗಳಲ್ಲಿ ಎಚ್‌ಬಿಎ1ಸಿ 1.5 ಶೇಕಡಾ ಅಂಶ ಇಳಿಯಿತು. ದೊಡ್ಡ ಗೆಲುವು ಅನ್ನಿಸುತ್ತದೆ. ಆದರೆ ಆಹಾರ ಸಿಗದೆ ಕಾದಿದ್ದವರಲ್ಲೂ 1.3 ಅಂಶ ಇಳಿದಿತ್ತು! ಆ ಗುಂಪನ್ನು ಅಳೆಯದೇ ಹೋಗಿದ್ದರೆ ಇಳಿದದ್ದೆಲ್ಲ ಊಟದ ಲೆಕ್ಕಕ್ಕೇ ಸೇರಿಬಿಡುತ್ತಿತ್ತು.

ಹಾಗಂತ ಅರ್ಧ ಜನರನ್ನು ಬರಿಗೈಲಿ ಕಳಿಸುವುದಾ ಎಂದು ಮನಸ್ಸು ಒಪ್ಪುವುದಿಲ್ಲ. ನನಗೂ ಒಪ್ಪುವುದಿಲ್ಲ. ಅದಕ್ಕೆ ದಾರಿ ಇದೆ: ಚೀಟಿ ಎತ್ತಿ. ಅರ್ಧ ಜನರಿಗೆ ಈಗ, ಉಳಿದವರಿಗೆ ಆರು ತಿಂಗಳ ನಂತರ. ಊಟ ಎಲ್ಲರಿಗೂ ಸಿಗುತ್ತದೆ, ಸರದಿ ಮಾತ್ರ ಚೀಟಿ ಹೇಳುತ್ತದೆ. ಯಾರು ಮೊದಲು ಎಂಬುದನ್ನು ನೀವೇ ಆರಿಸಬೇಡಿ. ಉತ್ಸಾಹ ಇರುವವರೇ ಮೊದಲ ಗುಂಪಿಗೆ ಬಂದುಬಿಡುತ್ತಾರೆ.

ಮೂರನೆಯದು: ಡಬ್ಬಿ ಎಲ್ಲಿ ಹೋಯಿತು?

ಬಾಗಿಲಿಗೆ ತಲುಪಿದ್ದೆಲ್ಲ ಹೊಟ್ಟೆಗೆ ಹೋಯಿತು ಅಂತಲ್ಲ. ಮಕ್ಕಳಿರುವ ಮನೆಯಲ್ಲಿ ಅಮ್ಮ ತನ್ನ ಪಾಲನ್ನು ಮಕ್ಕಳ ತಟ್ಟೆಗೆ ಹಾಕುತ್ತಾಳೆ, ತಾನು ಹಳೆಯದನ್ನೇ ಉಣ್ಣುತ್ತಾಳೆ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ‘ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ?’ ಅಂತ ಕೇಳಿ. ‘ನಮ್ಮ ಊಟ ತಿಂದಿರಾ?’ ಅಂತ ಕೇಳಿದರೆ ಬೇಜಾರು ಮಾಡಬಾರದು ಅಂತ ಹೌದು ಎಂದೇ ಹೇಳುತ್ತಾರೆ.

ನಾಲ್ಕನೆಯದು: ಮಾತ್ರೆ, ಲೋ ಶುಗರ್

ಪ್ರತಿ ಭೇಟಿಯಲ್ಲೂ ಮಾತ್ರೆ, ಇನ್ಸುಲಿನ್ ಎಷ್ಟು ಎಂದು ಬರೆದುಕೊಳ್ಳಿ. ಎಚ್‌ಬಿಎ1ಸಿ ಹಾಗೇ ಇದ್ದು ಇನ್ಸುಲಿನ್ ಕಡಿಮೆಯಾಗಿದ್ದರೆ ಅದೂ ಸುಧಾರಣೆಯೇ. ಊಟ ಬದಲಾದಾಗ ಹಳೇ ಪ್ರಮಾಣದ ಔಷಧಿ ಜಾಸ್ತಿಯಾಗಿ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ತಲೆಸುತ್ತು ಬಂತಾ ಎಂದು ತಪ್ಪದೆ ಕೇಳಿ, ಬಂದಿದ್ದರೆ ಕೂಡಲೇ ಡಾಕ್ಟರಿಗೆ ತಿಳಿಸಿ.

ಕೊನೆಗೆ ಲೆಕ್ಕ

ಊಟದ ಗುಂಪಿನಲ್ಲಿ 1.2 ಇಳಿದು, ಕಾದಿದ್ದ ಗುಂಪಿನಲ್ಲಿ 0.7 ಇಳಿದಿದ್ದರೆ ನಿಮ್ಮ ಊಟದ ಪಾಲು 0.5. ಅಷ್ಟು ವ್ಯತ್ಯಾಸವನ್ನೂ ಡಾಕ್ಟರುಗಳು ಸಣ್ಣದೆಂದು ತಳ್ಳಿಹಾಕುವುದಿಲ್ಲ. ಮಧ್ಯದಲ್ಲೇ ಬಿಟ್ಟುಹೋದವರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಅವರ ಮನೆಗೇ ಹೋಗಿ ಕೊನೆಯ ಪರೀಕ್ಷೆ ಮಾಡಿಸಿ, ಯಾಕೆ ಬಿಟ್ಟಿರಿ ಎಂದೂ ಕೇಳಿ. ಡಬ್ಬಿ ಬರುವ ಹೊತ್ತಿಗೆ ಅವರು ಕೆಲಸಕ್ಕೆ ಹೋಗಿರುತ್ತಿದ್ದರು ಅನ್ನುವಷ್ಟೇ ಕಾರಣ ಇರಬಹುದು.