ಕ್ಯಾಂಡಲ್ ಜಾರಲ್ಲೇ ಗೊನೊರಿಯಾ ಕಲ್ಚರ್: ಮಂಡ್ಯದ ನನ್ನ ಅನುಭವ

ಗೊನೊಕಾಕಸ್ಸು, ಅಂದ್ರೆ ಲೈಂಗಿಕ ಸಂಪರ್ಕದಿಂದ ಅಂಟೋ ಗೊನೊರಿಯಾ ಕಾಯಿಲೆಯ ಬ್ಯಾಕ್ಟೀರಿಯಾ, ಇಂಥ ಚಿಕ್ಕ ಲ್ಯಾಬಲ್ಲಿ ಬೆಳೆಯೋ ಮಾತೇ ಇಲ್ಲ, ಸುಮ್ನೆ ದುಡ್ಡು ಹಾಳ್ಮಾಡ್ಕೋಬೇಡಿ ಅಂತ ಹೇಳ್ದೋರೇ ಎಲ್ಲ. ಬೆಳೀತು ಕಣ್ರೀ.

ಬಿಳಿ ಸೆರಗು, ಕಿಬ್ಬೊಟ್ಟೆ ನೋವು ಅಂತ ಒಬ್ಬ ಹೆಣ್ಮಗಳು ಮೂರನೇ ಸಲ ಬಂದಿದ್ರು, ಎರಡು ಸಲಾನೂ ಮೆಡಿಕಲ್ ಸ್ಟೋರಿಂದ ಸಿಪ್ರೊ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ ತಗೊಂಡು ನುಂಗಿದ್ರಂತೆ. "ಮನೆ ಬಿಟ್ಟು ಎಲ್ಲೂ ಹೋದೋಳಲ್ಲ ಕಣವ್ವ" ಅಂತ ಸೆರಗಿನ ತುದಿ ಸುತ್ಕೊಂಡು ಕೂತಿದ್ರು. ಅವತ್ತೇ ಹಠ ಬಂದಿದ್ದು ನಂಗೆ.

ಮೊದಲ ಹತ್ತು-ಹನ್ನೆರಡು ಸ್ವ್ಯಾಬ್ (ಕಡ್ಡೀಲಿ ಒರೆಸಿ ತೆಗೆದ ಸ್ಯಾಂಪಲ್) ಪೂರಾ ವೇಸ್ಟು. ಬೇರೆ ಸ್ಯಾಂಪಲ್ ಜೊತೆ ಫ್ರಿಜ್ಜಲ್ಲಿ ಇಟ್ಬಿಡೋರು, ಈ ಹುಳ ತಣ್ಣಗಾದ್ರೆ ಸತ್ತೇ ಹೋಗ್ತದೆ. ಕೆಲವು ಸಲ ಒಳಗೆ ನೋಡೋಕೆ ಬಳಸೋ ಸ್ಪೆಕ್ಯುಲಮ್ಮಿಗೆ ಜೆಲ್ ಹಚ್ಚಿರೋರು, ಸಲೈನ್ ಬಿಟ್ಟು ಏನೂ ಬೇಡ ಅಂತ ಜಗಳಾನೇ ಆಡ್ದೆ. ಬೇಸಿಗೇಲಿ ಕರೆಂಟು ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿ ಬ್ಯಾಕ್ಟೀರಿಯಾ ಬೆಳೆಸೋಕೆ ಇಟ್ಟಿದ್ದ ಒಂದು ವಾರದ ಪ್ಲೇಟೆಲ್ಲ ಹೋಯ್ತು, ಅಷ್ಟೊತ್ತಿಗೆ ನನ್ ಕೈಯಿಂದಾನೇ ಎಂಟು ಸಾವಿರದ ಹತ್ರ ಖರ್ಚು, ಅದ್ರಲ್ಲಿ ಪ್ಲೇಟಿನ ಮಿಶ್ರಣಕ್ಕೆ ಹಾಕೋ ಸಪ್ಲಿಮೆಂಟ್ ವಯಲ್ಲಿಗೇ ಜಾಸ್ತಿ.

ಆಮೇಲೆ ಬೆಚ್ಚಗಿನ ಪ್ಲೇಟ್ ಹಿಡ್ಕೊಂಡು ಓಪಿಡಿ ಬಾಗಿಲಲ್ಲೇ ನಿಂತೆ, ಸ್ವ್ಯಾಬ್ ಬಂದ ತಕ್ಷಣ ಅಲ್ಲೇ ಪ್ಲೇಟಿನ ಮೇಲೆ ಗೀರಿ ಸ್ಟ್ರೀಕ್. ಚಾಕಲೇಟ್ ಅಗರಿಗೆ (ಬಿಸಿ ಮಾಡಿದ ರಕ್ತ ಇರೋ ಕಂದು ಬಣ್ಣದ ಮೀಡಿಯಾ) ಬನ್ನೂರು ಕುರಿ ರಕ್ತ, ಎಷ್ಟು ಹೊತ್ತು ಬಿಸಿ ಮಾಡ್ತೀನಿ ಅನ್ನೋದು ನನ್ ಹತ್ರಾನೇ ಇರ್ಲಿ. ಥೇಯರ್-ಮಾರ್ಟಿನ್ (ಬೇರೆ ಬ್ಯಾಕ್ಟೀರಿಯಾ ತಡೆಯೋಕೆ ಆ್ಯಂಟಿಬಯಾಟಿಕ್ ಹಾಕಿದ ಪ್ಲೇಟ್) ಒಂದನ್ನೇ ನಂಬ್ಬೇಡಿ, ಕೆಲವು ಸ್ಟ್ರೇನು ಅದರ ವ್ಯಾಂಕೋಮೈಸಿನ್ನಿಗೇ ಸಾಯ್ತವೆ, ಜೊತೇಲಿ ಸಾದಾ ಪ್ಲೇಟೂ ಹಾಕಿ. ಮುಚ್ಚಿದ ಜಾರಲ್ಲಿ ಪ್ಲೇಟ್ ಜೊತೆ ಒದ್ದೆ ಹತ್ತಿ, ಹಚ್ಚಿದ ಬಿಳಿ ಮೇಣದಬತ್ತಿ; ಅದು ಉರಿದು ಆರೋವಾಗ ಈ ಹುಳಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಸಿಗ್ತದೆ. ಸೆಂಟ್ ಇರೋ ಬತ್ತೀನೂ ಒಂದ್ಸಲ ಇಟ್ಟು ನೋಡ್ದೆ, ಏನೂ ಬರ್ಲಿಲ್ಲ.

ಬಾಗಿಲಲ್ಲಿ ನಿಂತಿದ್ದಕ್ಕೆ ಇನ್ನೊಂದು ಲಾಭ, ವೆಟ್ ಮೌಂಟ್ (ಸ್ಯಾಂಪಲ್ಲಿಗೆ ಸಲೈನ್ ಹನಿ ಬೆರೆಸಿದ ಸ್ಲೈಡ್) ಹತ್ತು ನಿಮಿಷದೊಳಗೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಟ್ರೈಕೊಮೊನಾಸ್ ಅನ್ನೋ ಲೈಂಗಿಕವಾಗಿ ಹರಡೋ ಪರಾವಲಂಬಿ ಇನ್ನೂ ಒದ್ದಾಡ್ತಿರ್ತದೆ, ತಡ ಆದ್ರೆ ಬಿಳಿ ರಕ್ತಕಣ ಅಂತ ಬಿಟ್ಬಿಡ್ತೀವಿ. ಅದು ಗೊನೊರಿಯಾಗಿಂತ ಎಷ್ಟೋ ಜಾಸ್ತಿ ಸಿಕ್ತು ನಂಗೆ. ಬರೀ ಕ್ಯಾಂಡಿಡಾ ಅನ್ನೋ ಫಂಗಸ್ ಬಂದ್ರೆ ಮಾತ್ರ ಗಂಡನ ಮೇಲೆ ಅನುಮಾನ ಬರೋ ಹಂಗೆ ಯಾರೂ ಮಾತಾಡ್ಬಾರ್ದು, ಅದು ಆ ಥರ ಅಂಟೋ ಕಾಯಿಲೆ ಅಲ್ಲ.

ಆ ಹೆಣ್ಮಗಳ ಪ್ಲೇಟಲ್ಲಿ 48 ಗಂಟೆಗೆ ಇಬ್ಬನಿ ಹನಿ ಥರ ಬೂದು ಚುಕ್ಕೆ. ಈ ಹುಳ ಗುರುತಿಸೋಕೆ ಸಹಾಯ ಮಾಡೋ ಆಕ್ಸಿಡೇಸ್ ದ್ರಾವಣ ಒಂದು ತೊಟ್ಟು ಬಿಟ್ಟೆ, ಕಣ್ಮುಂದೇನೇ ನೇರಳೆ ಆಗಿ ಕಪ್ಪಾಯ್ತು. ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು) ಮಾಡಿದ್ರೆ ಜೋಡಿ ಜೋಡಿ ಕಾಫಿಬೀಜ. ಸಿಪ್ರೊ ಔಷಧಿ ಇರೋ ಡಿಸ್ಕಿನ ಅಂಚಿನ ತನಕ ಬೆಳ್ದಿತ್ತು, ಸುತ್ತ ಏನೂ ಬೆಳೆಯದ ಝೋನೇ ಇಲ್ಲ, ಸೆಫ್‌ಟ್ರಯಾಕ್ಸೋನಿಗೆ ಸುಮಾರು 40 ಮಿಮೀ ಝೋನ್, ಅಂದ್ರೆ ಈ ಇಂಜೆಕ್ಷನ್ನಿಗೆ ಅದು ಸಾಯ್ತದೆ. ಅಷ್ಟು ದಿನ ನುಂಗಿದ ಮಾತ್ರೆ ನೀರಲ್ಲಿ ಹೋಮ ಮಾಡ್ದಂಗೆ.

ನಂಗೇನೂ ಇಲ್ಲ ಅಂತ ಗಂಡ ಬರೋಕೇ ಒಪ್ಲಿಲ್ಲ, ಡಾಕ್ಟರ್ ಮೇಡಂ ಫೋನ್ ಮೇಲೆ ಫೋನ್ ಮಾಡಿ ಕರೆಸಿದ್ರು, ಇಬ್ರಿಗೂ ಒಂದೇ ದಿನ ಇಂಜೆಕ್ಷನ್. ಎರಡು ವಾರ ಬಿಟ್ಟು ಮತ್ತೆ ಆ ಹೆಣ್ಮಗಳ ಸ್ವ್ಯಾಬ್ ಹಾಕ್ದೆ. 72 ಗಂಟೆ ಕಾದೆ, ಪ್ಲೇಟ್ ಖಾಲಿ.