ಜೋನಿ ಮಿಚೆಲ್ ಅವರ ‘ಬ್ಲೂ’: ಸಾಲುಗಳ ಅರ್ಥ ಬಿಡಿಸೋದು ಹೇಗೆ

ನಮ್ಮ ಭಾವಗೀತೆಗಳಲ್ಲಿ ಬರೆದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು ಇರೋದೇ ಜಾಸ್ತಿ. ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ 1971ರ ಆಲ್ಬಂ ‘ಬ್ಲೂ’ ಹಾಗಲ್ಲ. ಹತ್ತು ಹಾಡು, ಮಾತು, ರಾಗ, ದನಿ ಎಲ್ಲ ಜೋನಿ ಅವರದೇ. ಅದಕ್ಕೇ ಕೇಳಿದ ತಕ್ಷಣ ‘ಇದು ಯಾವ ಗೆಳೆಯನ ಮೇಲೆ ಬರೆದದ್ದು’ ಅಂತ ಹುಡುಕಬೇಕು ಅನಿಸುತ್ತದೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಮೊದಲು ಒಂದು ಹಾಳೆ ತಗೊಂಡು, ಹಾಡಿನಲ್ಲಿ ಏನಾಗುತ್ತದೆ ಅಂತ ಎರಡು ಮೂರು ಸಾಲಲ್ಲಿ ಕನ್ನಡದಲ್ಲಿ ಬರೆಯಿರಿ. ಉಪಮೆ, ಸಂಕೇತ ಏನೂ ಬೇಡ.

ಮೂರನೇ ಹಾಡು ‘ಲಿಟಲ್ ಗ್ರೀನ್’ ಹೀಗೆ ಬರೆದು ನೋಡಿ. ಹುಡುಗಿಗೆ ಮಗು ಹುಟ್ಟಿದೆ. ಅಪ್ಪನಾದವನು ಕ್ಯಾಲಿಫೋರ್ನಿಯಾಕ್ಕೆ ಹೋಗಿಬಿಟ್ಟಿದ್ದಾನೆ. ಮನೆಗೆ ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿದೆ. ಕಾಗದಗಳಿಗೆ ಸಹಿ ಹಾಕುತ್ತಾಳೆ, ದುಃಖ ಇದೆ, ನಾಚಿಕೆ ಇಲ್ಲ. ಈಗ ಕೇಳಿಕೊಳ್ಳಿ, ಯಾವ ಕಾಗದ? ಉತ್ತರ ಅಲ್ಲೇ ಇದೆ, ಅಲ್ವಾ? ಆದರೂ ಆಲ್ಬಂ ಬಂದಾಗ ಒಬ್ಬ ವಿಮರ್ಶಕರು ಈ ಹಾಡು ಅರ್ಥಕ್ಕೇ ನಿಲುಕುವುದಿಲ್ಲ ಎಂದು ಬರೆದರು. 1965ರಲ್ಲಿ ಹೆತ್ತ ಮಗಳನ್ನು ಜೋನಿ ದತ್ತು ಕೊಟ್ಟಿದ್ದರು. ಅದು ಎಲ್ಲರಿಗೂ ಗೊತ್ತಾಗಿದ್ದು 1990ರ ದಶಕದಲ್ಲಿ, ತಾಯಿ ಮಗಳು ಮತ್ತೆ ಸೇರಿದ್ದು 1997ರಲ್ಲಿ. ಅಷ್ಟು ವರ್ಷ ಆ ಮಾತು ಲಕ್ಷಾಂತರ ಜನರ ಕಿವಿಗೆ ಬೀಳುತ್ತಲೇ ಇತ್ತು ಅನ್ನೋದು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಚುರ್ ಅನ್ನುತ್ತದೆ.

ಆಮೇಲೆ ಪದಗಳು. ಗೊತ್ತಿರುವ ಪದವೇ ಜಾಸ್ತಿ ಮೋಸ ಮಾಡೋದು. ‘ಮೈ ಓಲ್ಡ್ ಮ್ಯಾನ್’ ಅಂದರೆ ಇಲ್ಲಿ ಅಪ್ಪನೂ ಅಲ್ಲ, ಮುದುಕನೂ ಅಲ್ಲ, ಜೊತೆಯಲ್ಲಿ ಬಾಳುತ್ತಿರುವ ಗಂಡಸು. ‘ಎ ಕೇಸ್ ಆಫ್ ಯೂ’ದಲ್ಲಿ ಬರೋದು ಕೋರ್ಟ್ ಕೇಸ್ ಅಲ್ಲ, ಬಿಯರ್ ಕೇಸ್ ಅನ್ನುತ್ತೀವಲ್ಲ, ಆ ಬಾಟಲಿ ಪೆಟ್ಟಿಗೆ. ನಿನ್ನನ್ನು ಒಂದು ಕೇಸ್ ಪೂರ್ತಿ ಕುಡಿದರೂ ಕಾಲ ಮೇಲೆ ನಿಂತಿರುತ್ತೇನೆ ಅನ್ನುತ್ತಾಳೆ. ನೀನು ಎಷ್ಟಿದ್ದರೂ ಸಾಲದು ಅಂತಲೋ, ನಿನ್ನಿಂದ ನಾನು ಬೀಳುವವಳಲ್ಲ ಅಂತಲೋ? ಒಂದನ್ನು ಆರಿಸಲು ಹೋಗಬೇಡಿ. ಎರಡೂ ಇರುವುದರಿಂದಲೇ ಆ ಸಾಲು ಕಾಡುತ್ತದೆ.

ಹಾಡುಗಳನ್ನು ಆಲ್ಬಂನ ಕ್ರಮದಲ್ಲೇ ಕೇಳಿ. ಎರಡನೇ ಹಾಡಾದ ‘ಮೈ ಓಲ್ಡ್ ಮ್ಯಾನ್’ನಲ್ಲಿ, ನಮ್ಮಿಬ್ಬರನ್ನು ಕಟ್ಟಿಹಾಕಲು ಸರ್ಕಾರಿ ಕಚೇರಿಯ ಕಾಗದ ಬೇಡ ಅನ್ನುತ್ತಾಳೆ. ಅದರ ಹಿಂದೆಯೇ ‘ಲಿಟಲ್ ಗ್ರೀನ್’, ಅಲ್ಲಿ ಕಾಗದಕ್ಕೆ ಸಹಿ. ಬೇಡವೆಂದ ಕಾಗದ, ಬೇರೆ ದಾರಿಯಿಲ್ಲದೆ ಸಹಿ ಹಾಕಿದ ಕಾಗದ. ಪಕ್ಕಪಕ್ಕದಲ್ಲಿ ಕೇಳಿದಾಗ ಎರಡೂ ಭಾರವಾಗುತ್ತವೆ. ಆದರೆ ಮತ್ತೆ ಬಂದ ಪದಕ್ಕೆಲ್ಲ ಗಂಟು ಹಾಕಬೇಡಿ. ‘ರಿವರ್’ನಲ್ಲಿ ಸ್ಕೇಟಿಂಗ್ ಬರುತ್ತದೆ, ಕೊನೆಯ ಹಾಡಿನ ರಿಚರ್ಡ್ ಮದುವೆಯಾಗೋದೂ ಸ್ಕೇಟಿಂಗ್ ಮಾಡುವವಳನ್ನೇ. ಅವೆರಡನ್ನೂ ಸೇರಿಸಲು ನಾನು ಒಪ್ಪುವುದಿಲ್ಲ, ಸೇರಿಸಿದರೆ ಯಾವ ಹಾಡೂ ಇನ್ನಷ್ಟು ತಿಳಿಯುವುದಿಲ್ಲ. ಆ ಕೊನೆಯ ಹಾಡಿನಲ್ಲಿ ರಿಚರ್ಡ್ ಮತ್ತು ಹಾಡುವವಳು ಇಬ್ಬರೂ ಮಾತಾಡುತ್ತಾರೆ, ಯಾವ ಸಾಲು ಯಾರದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ರಿಚರ್ಡ್‌ನ ಕಹಿಯನ್ನು ಅವಳ ತಲೆಗೆ ಕಟ್ಟುತ್ತೀರಿ.

ಕೊನೆಗೆ, ಕೈಯಲ್ಲಿರುವ ಹಾಳೆ ಪಕ್ಕಕ್ಕಿಟ್ಟು ‘ರಿವರ್’ ಕೇಳಿ. ನಮಗೆ ನದಿ ಅಂದರೆ ಹರಿಯುವ ನೀರು. ಜೋನಿ ಬೆಳೆದಿದ್ದು ಕೆನಡಾದ ಸಸ್ಕಟೂನ್‌ನಲ್ಲಿ, ಚಳಿಗೆ ನೀರು ಕಲ್ಲಾಗುವ ಕಡೆ. ಹಾಡಿನಲ್ಲಿ ಅವಳು ಬೇಕು ಅನ್ನುತ್ತಿರೋದು ಹೆಪ್ಪುಗಟ್ಟಿದ ನದಿ, ಜಾರಿಕೊಂಡು ದೂರ ಹೋಗಿಬಿಡೋಕೆ. ಈಗಿರೋ ಊರಲ್ಲಿ ಹಿಮವೇ ಬೀಳುವುದಿಲ್ಲ, ಕ್ರಿಸ್‌ಮಸ್ ಬೇರೆ ಬರುತ್ತಿದೆ. ಪಿಯಾನೋ ಶುರುವಾಗೋದು ‘ಜಿಂಗಲ್ ಬೆಲ್ಸ್’ ರಾಗದಿಂದ, ಆದರೆ ಕುಣಿಯುವ ಆ ರಾಗ ಇಲ್ಲಿ ನಿಧಾನವಾಗಿ, ಬಾಡಿದ ಹಾಗೆ ಬರುತ್ತದೆ. ಅವಳ ಮಾತು ಮುಗಿದ ಮೇಲೆ ಪ್ಲೇಯರ್ ಆಫ್ ಮಾಡಬೇಡಿ. ಅದೇ ರಾಗ ಇನ್ನೊಮ್ಮೆ ಬರುತ್ತದೆ.